ಕೊಸರಿಗೆ ಬಂದ ಫೈಲು

ಅಂಗಡಿಯ ಶಟರು ಇನ್ನೂ ಅರ್ಧ ಮೇಲೆ, ಅರ್ಧ ಕೆಳಗೆ ಇರುವಾಗಲೇ ಫೋನು ಬಡಿದುಕೊಂಡರೆ ಅದು ಗಿರಾಕಿಯದಾಗಿರುವುದಿಲ್ಲ, ಸಂಬಂಧಿಕರದಾಗಿರುತ್ತದೆ. ಗಿರಾಕಿಗೆ ಅಷ್ಟು ಬೇಗ ಎಚ್ಚರವಾಗುವುದಿಲ್ಲ. ಅಂದು ಫೋನು ಮಾಡಿದವನು ಕಮಲಾಪುರದಲ್ಲಿರುವ ನನ್ನ ಅಕ್ಕನ ಮಗ.

"ಮಾಮಾ, ಆಟ ಹೋಗ್ಯಾದ."

"ಹೋದ್ರ ಹೋಗ್ಲಿ. ಅಂಗಡಿ ಅದನೋ ಇಲ್ಲೋ?"

"ಹಂಗಲ್ಲ ಮಾಮಾ. ನಮ್ಮ ಟೀಮೇ ಹೋಗ್ಯಾದ. ಕಂಪ್ಯೂಟರ್ ತಾನೇ ಬಂದ್ ಆಗ್ತದ, ತಾನೇ ಚಾಲೂ ಆಗ್ತದ."

"ಅದ್ರಾಗ ಹೊಸಾದು ಏನ್ ಹಾಕ್ದಿ?"

"ಏನೂ ಹಾಕಿಲ್ಲ."

ರಿಪೇರಿಗೆ ಬರುವವರೆಲ್ಲ ಬಾಯಿ ತೆರೆದು ಹೇಳುವ ಮೊದಲ ಮಾತೇ ಇದು. ಏನೂ ಹಾಕಿರುವುದಿಲ್ಲ, ಏನೂ ಒತ್ತಿರುವುದಿಲ್ಲ, ಎಲ್ಲ ತಾನೇ ಆಗಿರುತ್ತದೆ. ನಾನು ಶಟರು ಮತ್ತೆ ಕೆಳಗೆಳೆದು ಬೀಗ ಹಾಕಿದೆ. ಒಂದು ದಿನದ ವ್ಯಾಪಾರ ಹೋಯಿತು ಎಂದು ಆಗಲೇ ಗೊತ್ತಾಗಿತ್ತು.

ಎರಡು ಸಾವಿರದ ಐದಾರನೆಯ ಇಸವಿಯ ಸುಮಾರಿನ ಮಾತು. ಬೋರ್ಡುಗಳ ಮೇಲೆ ಇನ್ನೂ ಗುಲಬರ್ಗಾ ಎಂದೇ ಬರೆಯುತ್ತಿದ್ದ ಕಾಲ. ಶಹಾಬಜಾರದ ಒಂದು ಓಣಿಯಲ್ಲಿ ನನ್ನ ಅಂಗಡಿ. ಹಳೆಯ ಕಂಪ್ಯೂಟರ್ ಕೊಳ್ಳುವುದು, ಬಿಚ್ಚುವುದು, ಜೋಡಿಸುವುದು, ಮಾರುವುದು. ನಾನು ಓದಿದ್ದು ಕಡಿಮೆ. ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಕ್ಯಾಸೆಟ್ ಮಾರಿದವನು. ಆಮೇಲೆ ಹಳೆ ಟಿವಿ, ಆಮೇಲೆ ಹಳೆ ಮಾನಿಟರು. ಯಾವ ಮಾಲು ಎಲ್ಲಿಂದ ಬಂತು, ಯಾರ ಕೈಯಿಂದ ಬಂತು ಎಂದು ಕೇಳದೆ ನಾನು ಏನನ್ನೂ ಅಂಗಡಿಯೊಳಗೆ ಬಿಟ್ಟುಕೊಂಡವನಲ್ಲ. ಇವತ್ತಿಗೂ ಇದೊಂದು ಬುದ್ಧಿ ಇದ್ದರೆ ಕಂಪ್ಯೂಟರ್ ಉಳಿಯುತ್ತದೆ, ಉಳಿದದ್ದೆಲ್ಲ ಆಮೇಲೆ.

ಅಳಿಯನಿಗೆ ಕಮಲಾಪುರದ ಬಸ್ ನಿಲ್ದಾಣದ ಹತ್ತಿರ ಸಣ್ಣ ಅಂಗಡಿ. ನಾನೇ ಹಳೆ ಭಾಗ ಸೇರಿಸಿ ಮಾಡಿಕೊಟ್ಟ ಎರಡು ಕಂಪ್ಯೂಟರು. ಹಗಲು ಅರ್ಜಿ ಟೈಪು ಮಾಡುವುದು, ಸಂಜೆ ಆಟ. ಆಟ ಎಂದರೆ ಒಂದು ಕ್ರಿಕೆಟ್ ಆಟ. ಊರಿನವರಿಗೆ ಬೇರೆ ಯಾವುದೂ ಬೇಕಿರಲಿಲ್ಲ. ಆ ಆಟ ಮಾಡಿದ ಕಂಪನಿ ಹಾಕಿದ ಅಂಗಿ, ಮುಖ, ಮೈದಾನ ವರ್ಷ ಕಳೆದಂತೆ ಹಳತಾಗುತ್ತದಲ್ಲ, ಆಗ ಆಡುವವರೇ ಎಲ್ಲೆಲ್ಲೋ ಕೂತು ಹೊಸ ಅಂಗಿ, ಹೊಸ ಮುಖ ಮಾಡಿ ಇಂಟರ್‌ನೆಟ್ಟಿಗೆ ಬಿಡುತ್ತಿದ್ದರು. ಕಲಿತವರು ಅದಕ್ಕೆ ಮಾಡ್ ಎನ್ನುತ್ತಾರೆ. ನಮ್ಮ ಕಡೆ ಪ್ಯಾಚ್ ಎಂದರೆ ಸಾಕಿತ್ತು. ಹರಿದ ಅಂಗಿಗೆ ಹಾಕುವ ತೇಪೆಯೇ. ತೇಪೆ ಹಾಕುವವನ ಕೈ ನೋಡಿ ಅಂಗಿ ಕೊಡಬೇಕು. ಅಷ್ಟೇ.

ಅಳಿಯ ಬೇರೆಯವರ ತೇಪೆಯಲ್ಲಿ ತೃಪ್ತನಾಗಲಿಲ್ಲ. ಯಾವುದೋ ಒಂದು ದೇಶದ ತಂಡವನ್ನು ತೆಗೆದು ಆ ಜಾಗದಲ್ಲಿ ಕಮಲಾಪುರದ ತಂಡವನ್ನು ಕೂರಿಸಿದ. ಗೆಳೆಯನ ಕ್ಯಾಮೆರಾ ತಂದು ಊರಲ್ಲಿ ಆಡುವವರ ಫೋಟೋ ಹೊಡೆದು ಮುಖ ಅಂಟಿಸಿದ. ಬಾಳೆಹಣ್ಣಿನ ವ್ಯಾಪಾರಿಯ ತಮ್ಮ ಆರಂಭದ ಬ್ಯಾಟ್ಸ್‌ಮನ್, ಡ್ರಿಲ್ ಮಾಸ್ತರರು ಕ್ಯಾಪ್ಟನ್. ದೊಡ್ಡ ದೊಡ್ಡ ದೇಶಗಳು ಕಮಲಾಪುರದ ಮುಂದೆ ಸೋತು ಹೋಗುತ್ತಿದ್ದವು. ಇದನ್ನು ನೋಡಲು ಸುತ್ತಲ ಹಳ್ಳಿಯ ಜನ ಬಂದು ಕಿಟಕಿಗೆ ಜೋತುಬೀಳುತ್ತಿದ್ದರು. ಹುಡುಗಾಟ ಎಂದು ನಾನು ಬೈದೆನಾದರೂ ಕೆಲಸ ಚೊಕ್ಕಟವಾಗಿತ್ತು, ಅದು ಬೇರೆ ಮಾತು.

ಆ ತಂಡದಲ್ಲಿ ಮಹಾಗಾಂವದ ಒಬ್ಬ ಟೆಂಪೋ ಡ್ರೈವರ್ ಇದ್ದ. ಎಡಗೈ ವೇಗದ ಬೌಲರ್. ಅವನು ಓಡಿ ಬರುವುದನ್ನು ನಾನೇ ಮೈದಾನದಲ್ಲಿ ನೋಡಿದ್ದೇನೆ. ಬ್ಯಾಟ್ ಹಿಡಿದವನು ಮೊದಲೇ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಒಂದು ಸುಗ್ಗಿಯಲ್ಲಿ ತೊಗರಿ ಇಳಿಸುವಾಗ ಮೇಲಿನ ಚೀಲಗಳು ಜಾರಿ ಅವನ ಎಡ ಭುಜದ ಮೇಲೆ ಬಿದ್ದವು. ಎಲುಬು ಕೂಡಿತು, ಗೇರು ಹಾಕುವಷ್ಟು ಕೈ ಬಂತು. ಭುಜದ ಮೇಲಕ್ಕೆ ಮಾತ್ರ ತೋಳು ಏಳಲಿಲ್ಲ. ಆಮೇಲೆ ಅವನು ಮೈದಾನದ ಕಡೆ ಟೆಂಪೋ ಕೂಡ ನಿಲ್ಲಿಸುತ್ತಿರಲಿಲ್ಲ.

ನಿಲ್ಲಿಸುತ್ತಿದ್ದದ್ದು ಅಳಿಯನ ಅಂಗಡಿಯ ಮುಂದೆ. ಆಟದಲ್ಲಿ ಬೌಲರ್ ಹೇಗೆ ಓಡಬೇಕು, ತೋಳು ಹೇಗೆ ತಿರುಗಬೇಕು ಎಂಬುದಕ್ಕೂ ಬೇರೆ ಬೇರೆ ಪ್ಯಾಚ್ ಇರುತ್ತವೆ. ಅವನು ಅಳಿಯನ ಪಕ್ಕ ಕೂತು, "ಇದಲ್ಲ, ಇನ್ನೊಂದು ತೋರ್ಸು. ಕೈ ಕಿವಿಗಿ ಹತ್ತಬೇಕು ನೋಡು, ನಂದು ಹತ್ತತಿತ್ತು," ಎಂದು ಒಂದು ಮಳೆಗಾಲವೆಲ್ಲ ಆರಿಸಿದ್ದ. ಕೊನೆಗೆ ಯಾವುದೋ ಜಾಲತಾಣದಲ್ಲಿ ಅವನದೇ ಎನ್ನುವಂಥ ತೋಳು ಸಿಕ್ಕಿತು. ಅದರ ಮೇಲೆ ಓಟ, ವೇಗ, ಎಸೆತದ ಎತ್ತರ ಎಲ್ಲವನ್ನೂ ಇಬ್ಬರೂ ಕೂಡಿ ತಿದ್ದಿದ್ದರು. ಬಾಡಿಗೆ ಇಲ್ಲದ ದಿನ ಬಂದು, ಬರೀ ತನ್ನ ಓವರುಗಳನ್ನು ಹಾಕಿ, ಬ್ಯಾಟಿಂಗ್ ಬಂದಾಗ ಕೀಬೋರ್ಡನ್ನು ಪಕ್ಕದವರಿಗೆ ಕೊಟ್ಟು ಎದ್ದು ಹೋಗುತ್ತಿದ್ದ. ಅವನ ಆ ತೋಳು ತಿರುಗುತ್ತಿದ್ದದ್ದು ಆ ಒಂದು ಕಂಪ್ಯೂಟರಿನಲ್ಲಿ ಮಾತ್ರ.

ಈಗ ಹೋಗಿದ್ದು ಅದೇ.

ನಾನು ಬಸ್ಸಿಳಿದು ಹೋದಾಗ ಅಳಿಯ ಮಾನಿಟರಿನ ಮುಂದೆ ಕೈಕಟ್ಟಿ ಕೂತಿದ್ದ. ಪರದೆ ಒಮ್ಮೆ ನೀಲಿಯಾಗಿ, ಒಮ್ಮೆ ಕಪ್ಪಾಗಿ, ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಪೆನ್ ಡ್ರೈವೊಂದು ಅದರ ಮೈಗೆ ಇನ್ನೂ ಚುಚ್ಚಿಕೊಂಡೇ ಇತ್ತು.

"ಇದ್ರಾಗ ಏನದ?"

"ಟೀಮಿನ ಕಾಪಿ ಮಾಮಾ. ನೀವೇ ಹೇಳಿದ್ರಲ್ಲ, ಒಂದು ಕಾಪಿ ಇಟ್ಗೊ ಅಂತ."

"ಇಟ್ಗೊ ಅಂದ್ನೋ, ಇಲ್ಲೇ ಚುಚ್ಚಿಡು ಅಂದ್ನೋ?"

ನಾನು ಪೆನ್ ಡ್ರೈವ್ ಕಿತ್ತು ಪಕ್ಕದ ಕಂಪ್ಯೂಟರಿಗೆ ಹಾಕಲು ಹೋಗಲಿಲ್ಲ. ಹಾಗೆ ಮಾಡಿಯೇ ಜನ ಎರಡನೆಯದನ್ನೂ ಕೆಡಿಸಿಕೊಳ್ಳುವುದು. ಜ್ವರ ಬಂದವನ ಕಂಬಳಿಯನ್ನು ನೆಟ್ಟಗಿದ್ದವನಿಗೆ ಹೊದಿಸಿದ ಹಾಗೆ. ಈ ಕೆಲಸಕ್ಕೆಂದೇ ನಾನು ಕೈಚೀಲದಲ್ಲಿ ಬೇರೆ ಹಾರ್ಡ್ ಡಿಸ್ಕ್ ತಂದಿದ್ದೆ, ಕೆಟ್ಟ ಕಂಪ್ಯೂಟರಿಗೇ ಅದನ್ನು ಜೋಡಿಸಿ, ಅದರಿಂದ ಚಾಲೂ ಮಾಡಿ ನೋಡಿದೆ. ಪೆನ್ ಡ್ರೈವ್ ಒಳಗೂ ಟೀಮಿಲ್ಲ. ಇದ್ದದ್ದು ಒಂದೇ ಫೈಲು, ಮೇಲೆ ಸ್ಟೇಡಿಯಂನ ಚಿತ್ರ.

"ಇದು ಎಲ್ಲಿಂದ ಬಂತು?"

"ಕಲಬುರ್ಗಿಯಿಂದ."

"ಕಲಬುರ್ಗಿ ದೊಡ್ಡೂರದ."

ಆಗ ಒಂದೊಂದೇ ಹೊರಬಿತ್ತು. ಹಿಂದಿನ ದಿನ ನನ್ನ ಅಂಗಡಿಗೇ ಮೌಸ್ ಒಯ್ಯಲು ಬಂದಿದ್ದ ಅಳಿಯ ಹೋಗುವಾಗ ಬಸ್ ನಿಲ್ದಾಣದ ಕಡೆ ಮೆಟ್ಟಿಲ ಕೆಳಗೆ ಸೀಡಿ ಮಾರುವವನ ಹತ್ತಿರ ನಿಂತಿದ್ದಾನೆ. ಹೊಸ ಅಂಗಿಗಳ ಪ್ಯಾಚ್ ಸೀಡಿ ಕೊಂಡಿದ್ದಾನೆ. ಚೌಕಾಸಿಯಲ್ಲಿ ಸೀಡಿಯವನು ರೇಟು ಇಳಿಸಲೇ ಇಲ್ಲವಂತೆ.

"ಹಂಗಾದ್ರ ಮ್ಯಾಲ ಏನರೆ ಕೊಸರು ಹಾಕ್ರಿ ಅಂದೆ. ಪೆನ್ ಡ್ರೈವ್ ಕೊಡ್ರಿ ಭಾಯ್, ಹೊಸಾ ಸ್ಟೇಡಿಯಂ ಹಾಕ್ತೀನಿ, ಮಾರ್ಕೆಟ್‌ನಾಗ ಇನ್ನಾ ಬಂದಿಲ್ಲ ಅಂದ."

"ಮಾರ್ಕೆಟ್‌ನಾಗ ಬರದ ಮಾಲು ನಿನಗ ಪುಗಸಟ್ಟೆ ಯಾಕ ಕೊಟ್ಟ?"

"ಖಾಯಂ ಗಿರಾಕಿ ಅಂತ."

"ಎಷ್ಟು ಸಲ ಹೋಗಿದ್ದಿ?"

"ಮೊದಲ್ನೇ ಸಲ."

ನನಗೆ ಕೂರಲು ಕುರ್ಚಿ ಬೇಕಾಯಿತು.

ಅಂಗಡಿಯ ಹಿಂದೆಯೇ ಮನೆ. ಅಕ್ಕ ಚಹಾ ತಂದವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕಪ್ಪು ನನ್ನ ಕೈಗಿಟ್ಟು, "ಅವನಿಗ್ಯಾಕ ಒದರ್ತಿ ತಮ್ಮಾ? ಕೊಸರು ಕೇಳಲ್ದ ಅಂಗಡಿ ಮೆಟ್ಟಲ ಇಳೀಬ್ಯಾಡ ಅಂತ ಸಣ್ಣಾಂವ ಇದ್ದಾಗಿಂದ ಕಲಿಸ್ದಾಂವ ಯಾರು? ನಾನಂತೂ ಅಲ್ಲ," ಎಂದಳು.

"ಅಕ್ಕಾ, ನಾ ಕಲ್ಸಿದ್ದು ಬಾಳಿಹಣ್ಣಿಂದು."

"ಹಣ್ಣಾದ್ರೇನು, ಸೀಡಿ ಆದ್ರೇನು. ಅಂಗಡಿ ಅಂಗಡೀನೇ."

"ಹಣ್ಣಾಗ ಹುಳ ಇದ್ರ ಕಾಣ್ತದವ್ವಾ."

"ನಿನಗ ಕಾಣ್ತದ. ನೀ ಹಣ್ಣು ಮೂಸಿ ಮೂಸಿ ತಗೋತಿ. ಅವನಿಗಿ ಬರೇ ಕೇಳೋದು ಕಲಿಸ್ದಿ, ಮೂಸೋದು ಕಲಿಸ್ಲಿಲ್ಲ."

ಅಕ್ಕನ ಜೊತೆ ವಾದಕ್ಕೆ ನಿಂತು ಗೆದ್ದವರಿಲ್ಲ. ಆದರೂ ಈ ಮಾತಿನಲ್ಲಿ ನಾನು ಇಂದಿಗೂ ಬಿಟ್ಟುಕೊಡುವುದಿಲ್ಲ. ಕೊಸರು ಕೇಳಲೇಬೇಕು, ಕೇಳದವನನ್ನು ಅಂಗಡಿಯವನು ಗಿರಾಕಿ ಎಂದೇ ಎಣಿಸುವುದಿಲ್ಲ. ಆದರೆ ಕೊಂಡ ಮಾಲಿನಲ್ಲೇ ಕೇಳಬೇಕು. ಡಜನ್ ಕೆಂಪು ಬಾಳೆಯ ಮೇಲೆ ಇನ್ನೊಂದು ಕೆಂಪು ಬಾಳೆ, ಸೇರು ತೊಗರಿಯ ಮೇಲೆ ಇನ್ನೊಂದು ಮುಷ್ಟಿ ತೊಗರಿ. ನೀವು ಕೇಳದ, ನೋಡದ, ಬೇರೆಯೇ ಪೊಟ್ಟಣವನ್ನು ಅವನಾಗಿ ಚೀಲಕ್ಕೆ ಹಾಕಿದನೆಂದರೆ ಅದು ಅವನ ಮನೆಯಿಂದ ಹೊರಗೆ ಹೋಗಬೇಕಾದದ್ದು ಎಂದೇ ಅರ್ಥ.

"ಆ ಸ್ಟೇಡಿಯಂ ಮ್ಯಾಲ ಒತ್ತಿದಾಗ ಏನಂತು?" ಎಂದು ಅಳಿಯನನ್ನು ಕೇಳಿದೆ.

"ಆಂಟಿವೈರಸ್ ಬಂದ್ ಮಾಡ್ರಿ ಅಂತು."

"ಮಾಡ್ದಿ?"

"ಮಾಡ್ದೆ. ಇಲ್ಲಂದ್ರ ಹಾಕಾಕ ಬಿಡವಲ್ದು."

"ಒಬ್ಬಾಂವ ಬಂದು, ರಾತ್ರಿ ನಾ ಬರ್ತೀನಿ, ನಿಮ್ಮ ನಾಯಿ ಕಟ್ಟಿಡ್ರಿ ಅಂದ್ರ ಕಟ್ಟಿಡ್ತೀಯೇನು?"

"ಅಲ್ಲಿ ಕೆಳಗ ಬರ್ದಿದ್ರು ಮಾಮಾ, ಏನೂ ಆಗಂಗಿಲ್ಲ ಅಂತ."

ಬರೆದಿದ್ದರಂತೆ. ಇಂಥ ಮಾತು ಕೇಳಿದಾಗಲೆಲ್ಲ ನನಗೆ ನನ್ನ ಬುದ್ಧಿವಾದದ ಮೇಲೇ ಜಿಗುಪ್ಸೆ ಬರುತ್ತದೆ. ಮೈದಾನವೆಂದರೆ ಆಟದಲ್ಲಿ ಬರೀ ಚಿತ್ರ. ಹುಲ್ಲಿನ ಚಿತ್ರ, ಗೋಡೆಯ ಚಿತ್ರ. ಚಿತ್ರದ ಫೈಲು ಸುಮ್ಮನೆ ಬಿದ್ದಿರುತ್ತದೆ, ನೀವು ಅದನ್ನು ಎತ್ತಿ ಅದರ ಜಾಗದಲ್ಲಿಡುತ್ತೀರಿ. ಚಿತ್ರ ಎಂದು ಹೇಳಿಕೊಂಡು ಬಂದದ್ದು ಒತ್ತಿದ ಕೂಡಲೇ ತಾನೇ ಎದ್ದು ಓಡಾಡಿದರೆ, ಮನೆಯಲ್ಲಿ ಏನೇನಿದೆ ಎಂದು ಹುಡುಕಿದರೆ, ಅದು ಚಿತ್ರವಲ್ಲ. ಇಷ್ಟು ತಿಳಿಯಲು ಕಂಪ್ಯೂಟರ್ ಓದಬೇಕಿಲ್ಲ. ಇದು ಓಡಾಡಿ ಆಟದ ಫೋಲ್ಡರನ್ನು ಬರಿದು ಮಾಡಿ, ಪೆನ್ ಡ್ರೈವನ್ನೂ ಗುಡಿಸಿಟ್ಟು ಕೂತಿತ್ತು.

ಮಧ್ಯಾಹ್ನದವರೆಗೆ ಆ ಕಂಪ್ಯೂಟರನ್ನು ಪೂರ್ತಿ ಅಳಿಸಿ ಮತ್ತೆ ಕಟ್ಟಿದೆ. ಆಟವನ್ನು ಅದರ ಅಸಲಿ ಸೀಡಿಯಿಂದಲೇ ಹಾಕಿದೆ. ಅಂಗಿಗಳ ಆ ಹೊಸ ಸೀಡಿಯನ್ನು ಮುರಿದು ಒಲೆಗೆ ಹಾಕಲು ಅಕ್ಕನಿಗೆ ಕೊಟ್ಟರೆ ಅವಳು ನಾಲ್ಕು ಮನೆಗೆ ವಾಸನೆ ಬರುತ್ತದೆಂದು ತಿರುಗಿ ಕೊಟ್ಟಳು. ಆಟ ಚಾಲೂ ಆಯಿತು, ಹೊಸ ಪಾತ್ರೆಯ ಹಾಗೆ ಲಕಲಕ. ಕಮಲಾಪುರ ಮಾತ್ರ ಎಲ್ಲೂ ಇಲ್ಲ.

"ಮತ್ತ ಮಾಡು," ಎಂದೆ.

"ಟೀಮ್ ಮಾಡಬಹುದು ಮಾಮಾ. ಆ ಡ್ರೈವರಣ್ಣನ ಕೈ ಸಿಗಂಗಿಲ್ಲ. ಅದು ಇದ್ದ ಜಾಲತಾಣ ಬಂದ್ ಆಗ್ಯಾದ. ಏನೇನು ತಿದ್ದಿದ್ವಿ ಅಂತ ನನಗೂ ನೆನಪಿಲ್ಲ."

ಅವನು ಇದನ್ನು ಹೇಳಿ ಮುಗಿಸುವ ಹೊತ್ತಿಗೆ ಹೊರಗೆ ಟೆಂಪೋ ನಿಂತ ಸದ್ದಾಯಿತು. ಡ್ರೈವರ್ ಒಳಗೆ ಬಂದು, ಚಪ್ಪಲಿ ಬಿಟ್ಟು, ನನಗೆ ನಮಸ್ಕಾರ ಮಾಡಿ ತನ್ನ ಖಾಯಂ ಸ್ಟೂಲಿನ ಮೇಲೆ ಕೂತ.

"ಚಾಲೂ ಮಾಡಪ್ಪ. ಇವತ್ತ ಬಾಡಿಗಿ ಇಲ್ಲ."

"ಕರೆಂಟ್ ಇಲ್ಲಣ್ಣಾ," ಎಂದ ಅಳಿಯ.

ಡ್ರೈವರ್ ತಲೆ ಎತ್ತಿ ಮೇಲೆ ನೋಡಿದ. "ಫ್ಯಾನ್ ಏನು ಗಾಳಿಗಿ ತಿರಗಾಕತ್ತಾದೇನು?"

ಅಳಿಯ ನನ್ನ ಮುಖ ನೋಡಿದ. ನಾನು ಬೇಕೆಂದೇ ಚಹಾದ ಕಪ್ಪು ನೋಡಿದೆ. ಕೊನೆಗೆ ಅವನೇ ಹೇಳಬೇಕಾಯಿತು. ಡ್ರೈವರ್ ಕೇಳಿಸಿಕೊಂಡ. ಬೈಯುತ್ತಾನೆಂದು ನಾನು ಕಾದೆ. ಬೈದಿದ್ದರೆ ಎಲ್ಲರಿಗೂ ಹಗುರಾಗುತ್ತಿತ್ತು. ಅವನು ಬಲಗೈಯಿಂದ ಎಡ ತೋಳನ್ನು ಒಮ್ಮೆ ತಿಕ್ಕಿಕೊಂಡು, "ಹೋಗ್ಲಿ ಬಿಡು. ಆಟ ಅಲ್ಲೇನು," ಎಂದ. ಆಮೇಲೆ ಎದ್ದು ಚಪ್ಪಲಿ ಮೆಟ್ಟಿದ. "ಅಣ್ಣಾರ, ನೀವು ಕಲಬುರ್ಗಿಗಿ ಹೊಂಟಿದ್ರ ಬರ್ರಿ. ಮಹಾಗಾಂವ ಕ್ರಾಸ್ ತನಕ ಬಿಡ್ತೀನಿ, ಅಲ್ಲಿಂದ ಬಸ್ ಭಾಳ ಅವ."

ನಾನು ಕೈಚೀಲ ಎತ್ತಿಕೊಂಡೆ. ಅಲ್ಲಿ ಕೂತು ಮಾಡುವುದೇನೂ ಉಳಿದಿರಲಿಲ್ಲ.

ಟೆಂಪೋ ಊರು ದಾಟಿ ರಸ್ತೆಗೆ ಬಂತು. ಎದುರಿಗೆ ಬಿಸಿಲು. ಮುಂದಿನ ಗಾಜಿನ ಹತ್ತಿರ ಏನೋ ತೂಗಾಡುತ್ತ ಸುಮ್ಮಸುಮ್ಮನೆ ನನ್ನ ಕಣ್ಣಿಗೆ ಹೊಳಪು ಹೊಡೆಯುತ್ತಿತ್ತು. ಮುಖ ಆ ಕಡೆ ತಿರುಗಿಸಿದರೆ ಅಲ್ಲೂ ಬಂತು. ಮೊದಲೇ ತಲೆ ಕೆಟ್ಟಿದ್ದ ನಾನು ಕೈಚಾಚಿ ಅದನ್ನು ಹಿಡಿದೆ. ಕಪ್ಪು ದಾರಕ್ಕೆ ಪೋಣಿಸಿದ ಒಂದು ಸೀಡಿ. ಆಗ ಎಲ್ಲ ಟೆಂಪೋ, ಆಟೋಗಳಲ್ಲೂ ಹೀಗೆ ಚಂದಕ್ಕೆ ಕಟ್ಟಿರುತ್ತಿದ್ದರು. ಇದರ ಹೊಳೆಯುವ ಮೈಮೇಲೆ ದಸರೆಯ ಪೂಜೆಗೆ ಬಳಿದ ವಿಭೂತಿಯ ಮೂರು ಪಟ್ಟೆ, ನಡುವೆ ಕುಂಕುಮ. ತಿರುಗಿಸಿ ನೋಡಿದೆ. ಹಿಂದೆ ಅಳಿಯನ ಕೈಬರಹದಲ್ಲಿ ಎರಡೇ ಶಬ್ದ: ಕಮಲಾಪುರ ಟೀಮ್.

"ಇದು ನಿನ್ಹಂತೇಲಿ ಹ್ಯಾಂಗ ಬಂತು?"

"ಇದೇನ್ರಿ? ಅಂಗಡಿ ಟೇಬಲ್ ನಾನೇ ಕಲಬುರ್ಗಿಯಿಂದ ತಂದು ಹಾಕಿದ್ದೆ. ಬಾಡಿಗಿ ಮ್ಯಾಲ ಏನರೆ ಕೊಡಪ್ಪ ಅಂದ್ರ ಇದು ಕೊಟ್ಟ. ಮನ್ಯಾಗ ಕಂಪ್ಯೂಟರ್ ಇಲ್ಲ, ಏನ್ ಮಾಡ್ಲಿ. ಕಟ್ಟೀನಿ."

"ಇದ್ರಾಗ ಟೀಮ್ ಅದ ಅಂತ ಗೊತ್ತಿತ್ತು ನಿನಗ?"

"ಗೊತ್ತದಲ್ರಿ."

"ಮತ್ತ ಅಲ್ಲಿ ಯಾಕ ಹೇಳಲಿಲ್ಲ?"

ಅವನು ನನ್ನನ್ನೇ ತಿಳಿಗೇಡಿ ಎನ್ನುವಂತೆ ನೋಡಿದ. "ಹೋಗಿದ್ದು ಕಂಪ್ಯೂಟರ್‌ನಾಗಿಂದು ಅಲ್ಲೇನ್ರಿ? ಇದು ನಂದು. ಇದಕ್ಕ ಪೂಜಾ ಆಗ್ಯಾದ."

"ಗಾಡಿ ತಿರುಗಿಸು," ಎಂದೆ. "ಮೊದಲ ಗಾಡಿ ತಿರುಗಿಸು ಮಾರಾಯಾ."

ಕೊಟ್ಟವನಿಗೆ ಕೊಟ್ಟ ನೆನಪಿಲ್ಲ, ಇಟ್ಟವನಿಗೆ ಅದು ಮಾಲೆಂದು ಗೊತ್ತಿಲ್ಲ. ಇಂಥವರ ನಡುವೆ ನಾನು ಕಾಪಿ, ಬ್ಯಾಕಪ್ ಎಂದು ವರ್ಷಗಟ್ಟಲೆ ಗಂಟಲು ಹರಿದುಕೊಂಡಿದ್ದೆ.

ತಿರುಗಿ ಬಂದಾಗ ಅಳಿಯ ಸೀಡಿ ನೋಡಿ ಹಾರಿಬಿದ್ದು, ಅಂಗಿಯ ತುದಿಯಿಂದ ಗರಗರ ಒರೆಸಲು ಹೋದ. ಕೈ ಮೇಲೆ ಒಂದು ಕೊಟ್ಟೆ. ಸೀಡಿಯನ್ನು ರೊಟ್ಟಿ ತಟ್ಟಿದ ಹಾಗೆ ಸುತ್ತ ಒರೆಸಬಾರದು. ಗೆರೆ ಬಿದ್ದರೆ ಓದುವ ದಾರಿಯುದ್ದಕ್ಕೂ ಬೀಳುತ್ತದೆ. ಒದ್ದೆ ಮಾಡಿದ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರ ಎಳೆಯಬೇಕು. ಅಕ್ಕನ ಹಳೆ ಮೆತ್ತನೆ ಸೀರೆಯ ತುಂಡಿನಿಂದ ಮೊದಲು ವಿಭೂತಿ ಹೋಯಿತು, ಆಮೇಲೆ ಕುಂಕುಮ. ವಿಭೂತಿ ಅಳಿಸುವಾಗ ಡ್ರೈವರ್ ಮುಖ ಸಪ್ಪೆ ಮಾಡಿದ. ಕೆಳಗೆ ಬಿಸಿಲಿಗೆ ಬಣ್ಣ ಹೋಗಿ ಸೀಡಿ ಒಂದು ಕಡೆ ಬೋಳು ಬೋಳಾಗಿತ್ತು.

ಡ್ರೈವಿಗೆ ಹಾಕಿದೆವು. ಬೀಸುಕಲ್ಲಿನ ಹಾಗೆ ಗುರುಗುಟ್ಟಿತು, ನಿಂತಿತು, ಮತ್ತೆ ಗುರುಗುಟ್ಟಿತು. ಕೊನೆಗೆ ಹೆಸರುಗಳು ಪರದೆಯ ಮೇಲೆ ಒಂದೊಂದೇ ಮೂಡಿದವು. ಆಟಗಾರರ ಪಟ್ಟಿ ಬಂತು. ತೋಳಿನ ಫೈಲು ಬಂತು. ಮುಖಗಳ ಫೈಲಿನ ಹತ್ತಿರ ಬಂದು ಡ್ರೈವ್ ಹಠ ಹಿಡಿಯಿತು. ಏನು ಮಾಡಿದರೂ ಅದು ಬರಲಿಲ್ಲ.

"ಬಂದಷ್ಟು ಎಲ್ಲಾ ಒಮ್ಮಿಗೇ ಹಾಕೋಣ ಮಾಮಾ."

"ನಿನ್ನ ಕೈ ಕಟ್ಟಿ ಕೂಡು," ಎಂದೆ.

ಹಾಕುವ ಕ್ರಮ ಬೇರೆಯೇ ಇದೆ, ಯಾರಿಗೂ ತಾಳ್ಮೆ ಇಲ್ಲ. ಬಂದ ಫೈಲುಗಳನ್ನು ಮೊದಲು ಆಂಟಿವೈರಸ್ ಮುಂದೆ ಹಿಡಿದೆ. ಆಮೇಲೆ ನನ್ನ ಡಿಸ್ಕಿಗೆ ಒಂದು ಕಾಪಿ, ಬೇರೆ ಸೀಡಿಗೆ ಒಂದು. ಏನೂ ಹಾಕದ ಬರೀ ಆಟದ ಫೋಲ್ಡರನ್ನೂ ಹಾಗೇ ಎತ್ತಿ ಬೇರೆ ಕಡೆ ಇಟ್ಟೆ. ಕೆಟ್ಟರೆ ತಿರುಗಿ ಬರಲು ಒಂದು ನೆಲೆ ಬೇಕಲ್ಲ. ಮೊದಲು ಪಟ್ಟಿ ಮಾತ್ರ ಹಾಕಿ ಆಟ ತೆರೆದು ನೋಡಿದೆ. ಮುಚ್ಚಿದೆ. ಆಮೇಲೆ ತೋಳು. ಎರಡನ್ನೂ ಒಟ್ಟಿಗೆ ಹಾಕಿ ಆಟ ಕೆಟ್ಟಿತೆಂದರೆ ಯಾವುದು ಕೆಡಿಸಿತೆಂದು ಯಾರನ್ನು ಕೇಳುತ್ತೀರಿ? ಈ ಹೊತ್ತಿನಲ್ಲಿ ಅಳಿಯ ಎರಡು ಸಲ ಆಕಳಿಸಿ ನನ್ನ ರಕ್ತ ಕುದಿಸಿದ.

"ಬಾ ತಮ್ಮಾ," ಎಂದು ಡ್ರೈವರನನ್ನು ಸ್ಟೂಲಿಗೆ ಕರೆದೆ.

ಕಮಲಾಪುರ ಮೈದಾನಕ್ಕಿಳಿಯಿತು. ಎಲ್ಲರದೂ ಆಟದ ಕಂಪನಿ ಕೊಟ್ಟ ಮುಖ. ಡ್ರಿಲ್ ಮಾಸ್ತರರು ಬೆಳ್ಳಗೆ, ಬಾಳೆಹಣ್ಣಿನವನ ತಮ್ಮನಿಗೆ ಬಂಗಾರದ ಕೂದಲು. ಬೌಲಿಂಗಿಗೆ ನಿಂತವನ ಮೇಲೆ ಡ್ರೈವರನ ಹೆಸರು, ಕೆಳಗೆ ಯಾವನೋ ನೀಲಿ ಕಣ್ಣಿನವನು. ಅಳಿಯ ನಾಚಿಕೆಯಿಂದ, "ಅಣ್ಣಾ, ಮಾರಿ ಹೋಗ್ಯಾವ," ಎಂದ.

"ಮಾರಿ ಯಾಂವ ಕೇಳ್ದ," ಎಂದ ಡ್ರೈವರ್. "ಸುಮ್ಕಿರು ಜರಾ."

ಕೀಲಿ ಒತ್ತಿದ. ಆ ನೀಲಿ ಕಣ್ಣಿನವನು ಓಡಿ ಬಂದ. ಓಟದ ಕೊನೆಗೆ ಆ ಸಣ್ಣ ನೆಗೆತ, ಆಮೇಲೆ ಎಡ ತೋಳು ಕಿವಿಗೆ ತಾಗಿಕೊಂಡು ಮೇಲೆದ್ದು ಪೂರ್ತಿ ಒಂದು ಸುತ್ತು ತಿರುಗಿತು. ಮೈದಾನದಲ್ಲಿ ನಾನು ನೋಡಿದ್ದೆನಲ್ಲ, ಅದೇ. ಬ್ಯಾಟಿನವನು ಆಡಿದನೋ ಬಿಟ್ಟನೋ ನಾವು ಯಾರೂ ನೋಡಲಿಲ್ಲ. ಡ್ರೈವರನ ಎಡಗೈ ಅವನ ತೊಡೆಯ ಮೇಲಿತ್ತು. ಎರಡು ಬೆರಳು ಚೆಂಡಿನ ಹೊಲಿಗೆ ಹಿಡಿದಂತೆ ಮಡಿಚಿಕೊಂಡಿದ್ದವು.

ತನ್ನ ಓವರುಗಳು ಮುಗಿದ ಮೇಲೆ ಕೀಬೋರ್ಡು ಅಳಿಯನ ಕಡೆ ಸರಿಸಿ ಎದ್ದ.

"ನಾಳಿ ಒಂದು ಫೋಟೋ ಹೊಡೀತೀನಣ್ಣಾ, ಮಾರಿನೂ ಕೂಡ್ಸಿ ಬಿಡ್ತೀನಿ. ಈಗ ಹೊಸಾ ಪ್ಯಾಚ್ ಬಂದಾದ, ಮಾರಿ ಭಾಳ ಚಂದ ಕೂಡ್ತದ," ಎಂದ ಅಳಿಯ. ಬೆಳಿಗ್ಗೆಯಿಂದ ಇಷ್ಟೆಲ್ಲ ಆದ ಮೇಲೆ.

ನಾನು ಬಾಯಿ ತೆರೆಯುವ ಮೊದಲೇ ಡ್ರೈವರ್ ಅವನ ಹೆಗಲ ಮೇಲೆ ಬಲಗೈ ಇಟ್ಟ. "ಇದ್ರಾಗ ಇನ್ನೇನೂ ಹಾಕಬ್ಯಾಡ. ಕೈ ಬಂದಾದಲ್ಲ, ಸಾಕು."

ಆಮೇಲೆ ನನ್ನ ಕಡೆ ತಿರುಗಿ, "ನನ್ನ ಸೀಡಿ ಕೊಡ್ರಿ ಅಣ್ಣಾರ," ಎಂದ. ಅದರಲ್ಲಿ ಇನ್ನೇನೂ ಉಳಿದಿಲ್ಲ, ಬೇಕಾದರೆ ಹೊಸ ಕಾಪಿ ಒಯ್ಯಿ, ಮನೆಯಲ್ಲಿ ನೆರಳಿನಲ್ಲಿಡು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಹೊಸದನ್ನೂ ತೆಗೆದುಕೊಂಡ, ಹಳೆಯದನ್ನೂ ತೆಗೆದುಕೊಂಡ. ಮಹಾಗಾಂವ ಕ್ರಾಸ್‌ವರೆಗೆ ಎರಡೂ ನನ್ನ ಕಣ್ಣಿಗೆ ಹೊಳಪು ಹೊಡೆಯುತ್ತಲೇ ಇದ್ದವು.